ಎಕ್ಸೆಲ್ ಇಂಗ್ಲಿಷ್ ಪೇಪರ್‌ನೋರ ಸ್ವತ್ತಲ್ಲ

(1/5)
"ನಾವು ಕನ್ನಡದಲ್ಲಿ ಬರೆಯೋರು. ಡೇಟಾ ಗೀಟಾ ನಮಗ್ಯಾಕೆ? ಅದೆಲ್ಲ ಇಂಗ್ಲಿಷ್ ಪೇಪರ್‌ನೋರ ಕೆಲಸ."

ಜರ್ನಲಿಸಂ ಓದ್ತಿರೋ ಗೆಳೆಯರೇ, ಈ ಮಾತನ್ನ ಇವತ್ತೇ ಬಿಟ್ಟುಬಿಡಿ. ಲೆಕ್ಕ ಓದಕ್ಕೆ ಬಾರದ ವರದಿಗಾರ, ಬೇರೆಯವರು ಕೊಟ್ಟ ಲೆಕ್ಕಕ್ಕೆ ಹೆಡ್ಡಿಂಗ್ ಬರೆದುಕೊಂಡೇ ಇರಬೇಕಾಗುತ್ತೆ.

(2/5)
ಚುನಾವಣಾ ಬಾಂಡ್ ನೆನಪಿದ್ಯಾ? 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ರದ್ದು ಮಾಡಿ, ವಿವರ ಕೊಡಿ ಎಂದು ಎಸ್‌ಬಿಐಗೆ ಹೇಳಿತು. ಬ್ಯಾಂಕ್ ಜೂನ್ 30ರವರೆಗೆ ಟೈಮ್ ಕೇಳಿತು. ಕೊಂಡವರ ದಾಖಲೆ ಒಂದು ಕಡೆ, ಪಡೆದ ಪಕ್ಷಗಳ ದಾಖಲೆ ಇನ್ನೊಂದು ಕಡೆ ಇದೆ, ಹೊಂದಿಸಕ್ಕೆ ಸಮಯ ಬೇಕು ಅನ್ನೋದು ಅದರ ವಾದ. ಅಷ್ಟೊತ್ತಿಗೆ ಲೋಕಸಭಾ ಚುನಾವಣೆಯೇ ಮುಗಿದಿರ್ತಿತ್ತು! ಕೋರ್ಟ್ ಒಪ್ಪಲಿಲ್ಲ.

(3/5)
ಮಾರ್ಚ್ 14ರಂದು ಚುನಾವಣಾ ಆಯೋಗ ಎರಡು ಪಟ್ಟಿ ಹಾಕಿತು. ಬಾಂಡ್ ಕೊಂಡವರದ್ದು 18,871 ಸಾಲು. ನಗದು ಮಾಡಿಕೊಂಡ ಪಕ್ಷಗಳದ್ದು 20,421 ಸಾಲು. ಆದರೆ ಯಾರ ದುಡ್ಡು ಯಾರಿಗೆ ಹೋಯ್ತು? ಗೊತ್ತಾಗಲ್ಲ, ಯಾಕಂದ್ರೆ ಬಾಂಡ್ ನಂಬರ್ ಇರಲಿಲ್ಲ. ಮದುವೆ ಮನೆಯ ಮುಯ್ಯಿ ಪುಸ್ತಕದಲ್ಲೂ ಯಾರು ಎಷ್ಟು ಕೊಟ್ಟರು ಅಂತ ಒಂದೇ ಸಾಲಲ್ಲಿ ಇರುತ್ತೆ!

ಕೋರ್ಟ್ ಮತ್ತೆ ಗದರಿದ ಮೇಲೆ, ಮಾರ್ಚ್ 21ರಂದು ನಂಬರ್ ಸಮೇತ ಪಟ್ಟಿ ಬಂತು. ಬ್ಯಾಂಕ್ ತಿಂಗಳುಗಟ್ಟಲೆ ಕೇಳಿದ್ದ ಕೆಲಸವನ್ನ ಪತ್ರಕರ್ತರು ಗಂಟೆಗಳಲ್ಲಿ ಶುರು ಹಚ್ಚಿಕೊಂಡರು. ಬೆಂಗಳೂರಿನ ದ ನ್ಯೂಸ್ ಮಿನಿಟ್ ಕೂಡ ನ್ಯೂಸ್‌ಲಾಂಡ್ರಿ, ಸ್ಕ್ರೋಲ್ ಜೊತೆ ಸೇರಿ ಈ ಡೇಟಾ ಮೇಲೆ ಸುದ್ದಿ ಮಾಡಿತು.

(4/5)
ಇದಕ್ಕೆ ಭಾರೀ ಕೋಡಿಂಗ್ ಬೇಕಿಲ್ಲ. ಎರಡೂ ಪಟ್ಟಿಯನ್ನ ಶೀಟ್‌ಗೆ ಹಾಕಿ, ಬಾಂಡ್ ನಂಬರ್ ಇಟ್ಟುಕೊಂಡು ವಿಲುಕಪ್ ಮಾಡೋದು. ಕಾಮರ್ಸ್ ಹುಡುಗರಿಗೆ ಬರುತ್ತೆ, ನಮಗ್ಯಾಕೆ ಬರಬಾರದು?

"ಕಂಪ್ಯೂಟರ್ ಮುಂದೆ ಕೂತ್ರೆ ಜನರ ಹತ್ರ ಹೋಗೋರ್ಯಾರು?" ಅಂತೀರಾ? ನಾವೇ ಹೋಗಬೇಕು. ಎರಡು ಸಾಲು ಹೊಂದಿದ ಮಾತ್ರಕ್ಕೆ ಲಂಚ ಸಾಬೀತಾಗಲ್ಲ. ಆ ಕಂಪನಿಗೆ ಟೆಂಡರ್ ಯಾವಾಗ ಸಿಕ್ತು, ದಾಳಿ ಯಾವಾಗ ಆಯ್ತು ಅಂತ ಹುಡುಕಬೇಕು, ಅವರನ್ನೇ ಕೇಳಬೇಕು. ಯಾರ ಬಾಗಿಲು ತಟ್ಟಬೇಕು ಅನ್ನೋದನ್ನ ಶೀಟ್ ಹೇಳುತ್ತೆ. ತಟ್ಟೋ ಕೆಲಸ ನಮ್ಮದು.

(5/5)
ಈ ವಾರ ಒಂದು ಕೆಲಸ ಮಾಡಿ. ನಿಮ್ಮೂರ ಪಂಚಾಯ್ತಿಯ ಕಾಮಗಾರಿ ಪಟ್ಟಿ ಕೇಳಿ. ಕೊಡ್ಲಿಲ್ವಾ, ಆರ್‌ಟಿಐ ಹಾಕಿ. ಸಿಕ್ಕಿದ್ದನ್ನ ಶೀಟ್‌ಗೆ ಇಳಿಸಿ. ಒಂದೇ ಚರಂಡಿಗೆ ಎರಡು ಬಿಲ್ ಆಗಿದ್ಯಾ ನೋಡಿ. ಆಮೇಲೆ ಆ ಚರಂಡಿ ನಿಜವಾಗ್ಲೂ ಇದ್ಯಾ ಅಂತ ನಡೆದು ಹೋಗಿ ನೋಡ್ಕೊಂಡು ಬನ್ನಿ.

ದಿಲ್ಲಿಯ ಪಟ್ಟಿ ಓದೋಕೆ ನೂರು ಜನ ಇದ್ದಾರೆ. ನಿಮ್ಮೂರಿನ ಪಟ್ಟಿ ಇರೋದು ಕನ್ನಡದಲ್ಲಿ. ಅದನ್ನ ನೀವು ಓದದಿದ್ರೆ ಇನ್ಯಾರು ಓದ್ತಾರೆ?

ಕ್ಲಾಸ್ ಗ್ರೂಪಿಗೆ ಶೇರ್ ಮಾಡಿ.
#ಡೇಟಾಪತ್ರಿಕೋದ್ಯಮ #ಕನ್ನಡಜರ್ನಲಿಸಂ #ಲೆಕ್ಕಕೇಳೋಣ