ಎತ್ತಿ ಕೂರಿಸುವ ಮೊದಲು ಒಂದು ಮಾತು ಕೇಳಿ



ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಸೊಂಟದ ಕೆಳಗೆ ಬಲ ಕಳೆದುಕೊಂಡವರ ಸುದ್ದಿ ನಮ್ಮ ಕಾಸರಗೋಡಿನ ಕಡೆಗೆ ಹೊಸತಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರಕ್ಕೆ ಮದ್ದು ಬಿಡಲು ಹತ್ತಿದವರ ಕಾಲು ಜಾರಲು ಒಂದು ಕ್ಷಣ ಸಾಕು. ಹಾಗೆ ಬಿದ್ದವರು ನಿಮ್ಮ ಅಪ್ಪನೋ ಮಾವನೋ ಅಣ್ಣನೋ ಆಗಿದ್ದರೆ, ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇನ್ನು ನಡೀಲಿಕ್ಕೆ ಆಗ್ತದಾ?" ಕೇಳುವುದು ಸಹಜವೇ. ಆದರೆ ಜೊತೆಯಲ್ಲೇ ಇರುವ ನಾವು ದಿನಾ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ ಎಂದು ನನ್ನ ಅಭಿಪ್ರಾಯ: ಇವತ್ತು ಅವರು ತಾವೇ ಏನು ಮಾಡಬಲ್ಲರು, ಉಳಿದದ್ದಕ್ಕೆ ನಾನು ಹೇಗೆ ಕೈಜೋಡಿಸಲಿ?

ಮೊದಲು ಒಳಗೆ ಏನಾಗಿದೆ ಎಂದು ತಿಳಿಯೋಣ. ಬೆನ್ನುಹುರಿ, ಅಂದರೆ ನೀವು ಮೆದುಳುಬಳ್ಳಿ ಎಂದೂ ಓದಿರುವ ಭಾಗ, ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದವಿರುತ್ತದೆ. ಅದರಿಂದ 31 ಜೊತೆ ನರಗಳು ಹೊರಡುತ್ತವೆ. ಪೆಟ್ಟು ಬಿದ್ದ ಜಾಗದಿಂದ ಕೆಳಕ್ಕೆ ಮೆದುಳಿನ ಆಜ್ಞೆ ಇಳಿಯುವುದಿಲ್ಲ. ಕೆಳಗಿನ ನೋವು, ಬಿಸಿ, ಒತ್ತಡದ ಸುದ್ದಿ ಮೇಲಕ್ಕೂ ಹೋಗುವುದಿಲ್ಲ. ಕೈಕಾಲಿನ ನರಕ್ಕೆ ಪೆಟ್ಟಾದರೆ ಅದು ನಿಧಾನವಾಗಿಯಾದರೂ ಮತ್ತೆ ಬೆಳೆಯಬಹುದು. ಬೆನ್ನುಹುರಿಯ ನರತಂತುಗಳಿಗೆ ಆ ಶಕ್ತಿ ಬಹಳ ಕಡಿಮೆ.

ಹಾಗೆಂದು ಎಲ್ಲ ಪೆಟ್ಟುಗಳೂ ಒಂದೇ ಅಲ್ಲ. ಕೆಲವರಲ್ಲಿ ಒಂದಷ್ಟು ತಂತುಗಳು ಉಳಿದಿರುತ್ತವೆ. ಬಾವು ಇಳಿದ ಮೇಲೆ, ಪದೇ ಪದೇ ಮಾಡುವ ವ್ಯಾಯಾಮದಿಂದ ಅವು ಸ್ವಲ್ಪ ಸ್ವಲ್ಪವಾಗಿ ಕೆಲಸಕ್ಕೆ ಬರಬಹುದು. ಸಾಮಾನ್ಯವಾಗಿ ಮೊದಲ ತಿಂಗಳುಗಳಲ್ಲಿ ಸುಧಾರಣೆ ಹೆಚ್ಚು, ಆಮೇಲೆ ನಿಧಾನ. ಆದ್ದರಿಂದ ಮೊದಲ ವಾರದಲ್ಲೇ "ಮುಂದಿನ ತಿಂಗಳು ಓಡಾಡ್ತೀರಿ ನೋಡಿ" ಎನ್ನುವುದೂ ಸರಿಯಲ್ಲ, "ಇನ್ನು ಆಗ್ಲಿಕ್ಕಿಲ್ಲ, ಹಣೆಬರಹ" ಎನ್ನುವುದೂ ಸರಿಯಲ್ಲ. ಗೊತ್ತಿಲ್ಲದ ಭವಿಷ್ಯ ಹೇಳುವುದಕ್ಕಿಂತ "ಇವತ್ತು ನಿನ್ನೆಗಿಂತ ಹತ್ತು ನಿಮಿಷ ಹೆಚ್ಚು ಕೂತಿರಿ ಮಾವ" ಎಂದು ಕಂಡದ್ದನ್ನು ಹೇಳಿ. ಅದು ನಿಜ, ಅದರಲ್ಲಿ ಬಲವೂ ಇದೆ.

ಈಗ ಒಂದು ಪ್ರಶ್ನೆ. ರಾತ್ರಿ ಮಲಗಿದಾಗ ನೀವು ಎಷ್ಟು ಸಲ ಮಗ್ಗುಲು ಬದಲಿಸುತ್ತೀರಿ? ನಿಮಗೇ ಗೊತ್ತಿಲ್ಲ, ಅಲ್ಲವೇ? ಒಂದೇ ಕಡೆ ಭಾರ ಬಿದ್ದರೆ ಅಲ್ಲಿನ ಸಣ್ಣ ರಕ್ತನಾಳಗಳು ಅದುಮಿ ಹೋಗುತ್ತವೆ. ನರಗಳು ದೂರು ಕೊಡುತ್ತವೆ, ದೇಹ ನಿದ್ದೆಯಲ್ಲೇ ಹೊರಳುತ್ತದೆ. ಸ್ಪರ್ಶಜ್ಞಾನ ಇಲ್ಲದವರಿಗೆ ಆ ದೂರು ತಲುಪುವುದೇ ಇಲ್ಲ. ಸೊಂಟ, ಬೆನ್ನಿನ ಕೆಳತುದಿ, ಹಿಮ್ಮಡಿಗಳಲ್ಲಿ ಹುಣ್ಣಾಗುವುದು ಹೀಗೆ. ಹುಣ್ಣಾದರೆ ವ್ಯಾಯಾಮವೂ ನಿಲ್ಲುತ್ತದೆ, ಸೋಂಕು ಏರಿದರೆ ಜೀವಕ್ಕೇ ಅಪಾಯ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗ ಶುರುಮಾಡಿದ ಡಾ. ಲುಡ್ವಿಗ್ ಗುಟ್‌ಮನ್ ಅವರು ಹಿಡಿದ ದಾರಿ ಬಹಳ ಸರಳ: ಹಗಲೂ ರಾತ್ರಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ಸೋಂಕು ತಡೆಯುವುದು, ಮಲಗಿದವರಿಗೆ ಕೆಲಸ ಮತ್ತು ಆಟ ಕೊಡುವುದು. ಅಲ್ಲಿಯವರೆಗೆ ಇಂಥ ಗಾಯಾಳುಗಳಲ್ಲಿ ಹೆಚ್ಚಿನವರು ಬಹುಕಾಲ ಬದುಕುತ್ತಿರಲಿಲ್ಲ. 1948ರ ಜುಲೈ 29ರಂದು ಅದೇ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ.

ನಿಮ್ಮ ಕೈಯಲ್ಲಿ ಆಗುವ ಕೆಲಸಗಳೂ ಇಷ್ಟೇ ಸರಳ. ದಿನಕ್ಕೆರಡು ಸಲ ಚರ್ಮ ನೋಡಲು ಸಹಾಯ ಮಾಡಿ. ಕನ್ನಡಿ ಹಿಡಿದರೆ ಅವರೇ ನೋಡಿಕೊಳ್ಳುತ್ತಾರೆ. ಒತ್ತಿದಾಗಲೂ ಮಾಸದ ಕೆಂಪು ಕಂಡರೆ ಉಜ್ಜಬೇಡಿ, ಆ ಭಾಗಕ್ಕೆ ಭಾರ ಬೀಳದಂತೆ ಮಾಡಿ ನರ್ಸಿಗೆ ತಿಳಿಸಿ. ಬಿಸಿ ಗಂಜಿಯ ತಟ್ಟೆಯನ್ನು ತೊಡೆಯ ಮೇಲೆ ಇಡಬೇಡಿ, ಸುಟ್ಟರೂ ಅವರಿಗೆ ಗೊತ್ತಾಗದು. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ಪೆಟ್ಟು ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಆಗಿದ್ದು, ಒಮ್ಮೆಲೇ ಜೋರು ತಲೆನೋವು ಬಂದು ಮುಖ ಕೆಂಪೇರಿ ಬೆವರಿದರೆ ಕೂಡಲೇ ನೆಟ್ಟಗೆ ಕೂರಿಸಿ, ನಳಿಕೆ ಮಡಚಿದೆಯೇ ನೋಡಿ, ದೊಡ್ಡವರನ್ನು ಕರೆಯಿರಿ. ರಕ್ತದೊತ್ತಡ ಏರಿರುವ ಸೂಚನೆ ಅದು, ತಡಮಾಡಬಾರದು.

ಇಷ್ಟು ಮಾಡುವವರೂ ಒಂದು ಕಡೆ ಎಡವುತ್ತಾರೆ. ಪ್ರೀತಿಯಿಂದ ಎಲ್ಲವನ್ನೂ ತಾವೇ ಮಾಡಿಕೊಡುತ್ತಾರೆ. ಕೈಯಲ್ಲಿ ಬಲವಿದ್ದರೂ ಊಟ ಬಾಯಿಗಿಡುತ್ತಾರೆ. ಕೇಳದೆ ಗಾಲಿಕುರ್ಚಿ ತಳ್ಳುತ್ತಾರೆ. ಅವರ ಎದುರಲ್ಲೇ "ಇವರಿಗೆ ಚಾ ಬೇಕಾ?" ಎಂದು ಇನ್ನೊಬ್ಬರಲ್ಲಿ ಕೇಳುತ್ತಾರೆ. ಅಂಗಿಯ ಗುಬ್ಬಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೆ ಆ ಹತ್ತು ನಿಮಿಷವೂ ವ್ಯಾಯಾಮವೇ. ಕಾಯಿರಿ. ಬೇಕಾದರೆ "ಹಿಡೀಲಾ?" ಎಂದು ಕೇಳಿ, "ಬೇಡ" ಎಂದರೆ ಬಿಟ್ಟುಬಿಡಿ. ಮನೆಯ ಲೆಕ್ಕಪತ್ರ, ಅಡಿಕೆ ಯಾವಾಗ ಮಾರುವುದೆಂಬ ತೀರ್ಮಾನ ಮೊದಲು ಅವರದಾಗಿದ್ದರೆ ಈಗಲೂ ಅವರದೇ ಆಗಿರಲಿ. ಬಲ ಹೋದದ್ದು ಕಾಲಿನದು, ಬುದ್ಧಿಯದ್ದಲ್ಲ.

ಕೊಚ್ಚಿಯಲ್ಲಿ ಹುಟ್ಟಿದ ಡಾ. ಮೇರಿ ವರ್ಗೀಸ್ ಅವರನ್ನು ನೆನೆಯಿರಿ. 1954ರಲ್ಲಿ ವಾಹನ ಅಪಘಾತದಿಂದ ಅವರ ಎರಡೂ ಕಾಲುಗಳ ಬಲ ಹೋಯಿತು. ಜೊತೆಗಿದ್ದವರು ಅವರನ್ನು ಕೋಣೆಯಲ್ಲಿ ಸುಮ್ಮನೆ ಮಲಗಿಸಿಬಿಡಲಿಲ್ಲ. ಕೂತೇ ಮಾಡಬಹುದಾದ ಕೆಲಸಕ್ಕೆ ದಾರಿ ಮಾಡಿದರು. ಅವರು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಗಾಲಿಕುರ್ಚಿಯಿಂದಲೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1960ರ ದಶಕದಲ್ಲಿ ಅಲ್ಲಿನ ಪುನರ್ವಸತಿ ವಿಭಾಗವನ್ನು ಕಟ್ಟಿ ಬೆಳೆಸಿದರು.

ಕೊನೆಗೊಂದು ಮಾತು ನಿಮ್ಮ ಬಗ್ಗೆಯೇ. ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಏಳುವುದು ಒಬ್ಬರಿಂದ ಆಗುವ ಕೆಲಸವಲ್ಲ. ಆ ಭಾರ ಬೀಳುವುದು ಹೆಚ್ಚಾಗಿ ಅಮ್ಮನ ಮೇಲೆ, ಆಮೇಲೆ ಮನೆಯ ದೊಡ್ಡ ಮಗಳ ಮೇಲೆ. ಅವಳು ಶಾಲೆ ತಪ್ಪಿಸತೊಡಗಿದರೆ "ಮನೆಯಲ್ಲಿ ಕಷ್ಟ, ಪಾಪ" ಎಂದು ಸುಮ್ಮನಾಗುವುದು ಸರಿಯಲ್ಲ. ಗಂಡುಮಕ್ಕಳೂ ಸೇರಿ ಸರದಿ ಮಾಡಿಕೊಳ್ಳಿ, ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಕೇರಳದಲ್ಲಿ ಪಂಚಾಯತ್ ಮೂಲಕ ನಡೆಯುವ ಪಾಲಿಯೇಟಿವ್ ಆರೈಕೆ ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ದೀರ್ಘಕಾಲ ಹಾಸಿಗೆ ಹಿಡಿದವರ ಮನೆಗೂ ಅವರ ನರ್ಸ್ ಬರುತ್ತಾರೆ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ತರಗತಿಯ ಅಧ್ಯಾಪಕರಿಗೆ ತಿಳಿಸಲು ನಾಚಬೇಡಿ. ಗೆಳೆಯನ ಮನೆಯಲ್ಲಿದ್ದರೆ ನಾಳೆ ಸಂಜೆ ಹೋಗಿ, ಒಂದು ಗಂಟೆ ಅವರ ಜೊತೆ ಕೂತು ಮಾತಾಡಿ. ಆ ಒಂದು ಗಂಟೆ ಅವನ ಅಮ್ಮ ನಿದ್ದೆ ಮಾಡಲಿ.