ಬಾರಿಸುವವರು ಹೊರಗೆ, ಕೇಳುವವರು ಒಳಗೆ

ಜಾಜ್ ಎಂದರೆ ಸಾಹೇಬರ ಹೋಟೆಲ್ಲಿನ ಕುಣಿತವೆಂದು ಮೂಗು ಮುರಿಯುವ ಸಜ್ಜನರು ನಮ್ಮ ಆಳಂದದಲ್ಲೂ ಇದ್ದಾರೆ. ಅದನ್ನು ಹುಟ್ಟಿಸಿದವರು ಯಾರೆಂದು ಅವರನ್ನು ನಾವು ಕೇಳುತ್ತೇವೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದ ಗುಲಾಮರ ಮಕ್ಕಳು, ಮೊಮ್ಮಕ್ಕಳು! 1817ರಲ್ಲಿ ಅಲ್ಲಿಯ ಆಡಳಿತ ಗುಲಾಮರ ಕುಣಿತವನ್ನು ಭಾನುವಾರಕ್ಕೆ, ಊರ ಹಿಂದಿನ ಒಂದೇ ಬಯಲಿಗೆ ಕಟ್ಟಿಹಾಕಿತ್ತು. ಆ ಬಯಲಿನ ಡೋಲು, ದುಡಿಮೆಯ ಹಾಡು, ಚರ್ಚಿನ ಭಜನೆ, ಬ್ಯಾಂಡಿನ ತುತ್ತೂರಿ ಎಲ್ಲ ಕೂಡಿ 1900ರ ಸುಮಾರಿಗೆ ಜಾಜ್ ಆಯಿತು. ಆದರೆ 1917ರಲ್ಲಿ ಜಾಜ್ ಹೆಸರಿನ ಮೊದಲ ರೆಕಾರ್ಡು ಹೊರಟಾಗ ಅದರಲ್ಲಿ ನುಡಿಸಿದ ಐವರೂ ಬಿಳಿಯರು. ಬಿತ್ತಿದವನೊಬ್ಬ, ರಾಶಿ ಮಾಡಿಕೊಂಡವನೊಬ್ಬ! ಕಲ್ಲಿದ್ದಲ ಬಂಡಿಯಲ್ಲಿ ದುಡಿದ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್ ಲೋಕವೇ ಕೇಳುವ ತುತ್ತೂರಿಗಾರನಾದ ಮೇಲೂ ಅವನ ನಾಡಿನ ಎಷ್ಟೋ ಹೋಟೆಲ್ಲುಗಳು ಅವನಿಗೆ ಕೋಣೆ ಕೊಡಲಿಲ್ಲ.

ಅವರನ್ನು ಬೈಯುವ ಮೊದಲು ನಮ್ಮ ಅಂಗಳ ನೋಡಿಕೊಳ್ಳೋಣ. ಅಫಜಲಪುರ ತಾಲೂಕಿನ ಬಿದನೂರಲ್ಲಿ ಹುಟ್ಟಿದ ಕಡಕೋಳ ಮಡಿವಾಳಪ್ಪನವರು ಜಾತಿಯ ಸೊಕ್ಕನ್ನು ಹಾಡಿನಲ್ಲಿ ಜಾಲಾಡಿದರು. ಜೇವರ್ಗಿ ಸೀಮೆಯ ಚನ್ನೂರ ಜಲಾಲಸಾಹೇಬರು ಅವರ ಶಿಷ್ಯರು. ಆ ಪದಗಳನ್ನು ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡಿ ಉಳಿಸಿದವರು ಹೊಲದಲ್ಲಿ ದುಡಿಯುವ ಜನ.

ಅದೇ ಊರುಗಳಲ್ಲಿ ಹಲಗಿಯವನ ಗತಿ ಏನು? ಜಾತ್ರೆಗೆ ಹಲಗಿ ಬೇಕು, ಮೊಹರಮ್ಮಿಗೆ ಬೇಕು, ಹೆಣಕ್ಕೂ ಬೇಕು. ಬಾರಿಸಿದವನಿಗೆ ಇಂದಿಗೂ ಎಷ್ಟೋ ಕಡೆ ಗುಡಿಯ ಹೊರಗಿನ ಬಿಸಿಲೇ ಗತಿ. ಅಸ್ಪೃಶ್ಯತೆಯ ವಿರುದ್ಧ ಕಾನೂನು ಬಂದದ್ದು 1955ರಲ್ಲಿ!

ಹಲಗಿ ಬಿಟ್ಟಿ ಚಾಕರಿಯಲ್ಲ, ಕಸುಬು. ಗಿರಣಿಯಲ್ಲಿ ಕೂಲಿಗಾಗಿ ಜಗಳಾಡಿದ ಬಾಂಧವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಜಾತ್ರೆಯ ಪಟ್ಟಿ ಎತ್ತುವ ಅಂಗಡಿಕಾರ ಮಿತ್ರರೇ, ಈ ಸಲ ಮದ್ದು-ಪಟಾಕಿಯ ಲೆಕ್ಕಕ್ಕಿಂತ ಮೊದಲು ಹಲಗಿಯವರ ಕೂಲಿ ಬರೆಯಿರಿ. ಊಟದ ಪಂಕ್ತಿಯಲ್ಲಿ ಅವರನ್ನು ನಿಮ್ಮ ಪಕ್ಕಕ್ಕೇ ಕೂಡಿಸಿಕೊಳ್ಳಿರಿ.