ಎರಡು ನೋಡ್‌ಗಳ ಅಳತೆ ಇಡೀ ಯಂತ್ರದ ಅಳತೆಯಲ್ಲ

ಸೂಪರ್‌ಕಂಪ್ಯೂಟರಿನ ಸಂವಹನ ಸಾಮರ್ಥ್ಯ ತಿಳಿಯಲು ಅದರೊಳಗಿನ ಎರಡು ನೋಡ್‌ಗಳ, ಅಂದರೆ ಬಿಡಿ ಗಣಕಗಳ, ನಡುವಿನ ಪಿಂಗ್‌ಪಾಂಗ್ ಪರೀಕ್ಷೆಯೇ ಸಾಕು ಎಂಬ ಪ್ರಕಟಿತ ಅಭಿಪ್ರಾಯ ಒಪ್ಪತಕ್ಕದ್ದಲ್ಲ. ಆ ಪರೀಕ್ಷೆಯಲ್ಲಿ ಸಂದೇಶವೊಂದು ಹೋಗಿ ಮರಳುವ ಸಮಯದ ಅರ್ಧವನ್ನು ಲೆಕ್ಕ ಹಿಡಿಯುತ್ತಾರೆ. ಚಿಕ್ಕ ಸಂದೇಶ ವಿಳಂಬವನ್ನು ತೋರಿಸುತ್ತದೆ, ದೊಡ್ಡದು ಬ್ಯಾಂಡ್‌ವಿಡ್ತನ್ನು. ಅರಸೀಕೆರೆಯಿಂದ ಹೊರಟದ್ದು ಒಂದೇ ಚೀಟಿಯಾಗಲಿ, ಲಾರಿ ತುಂಬ ಕೊಬ್ಬರಿಯಾಗಲಿ, ಹಳೇಬೀಡಿನ ಮೇಲೆ ಬೇಲೂರಿನ ದಾರಿ ಸವೆಸಲೇಬೇಕು. ಆದರೆ ಪಿಂಗ್‌ಪಾಂಗ್ ಖಾಲಿ ರಸ್ತೆಯ ಲೆಕ್ಕ. ಮೂರೂ ಊರುಗಳ ವಾಹನಗಳೆಲ್ಲ ಒಮ್ಮೆಗೇ ಹೊರಟರೆ ಏನಾಗುತ್ತದೆ ಎಂಬುದನ್ನು ಅದು ಹೇಳದು.

ನಿಜವಾದ ಕೆಲಸದಲ್ಲಿ ಆಗುವುದು ಅದೇ. ಹವಾಮಾನದ ಸ್ಪೆಕ್ಟ್ರಲ್ ಮಾದರಿಯಲ್ಲಿ ಪ್ರೊಸೆಸರುಗಳೆಲ್ಲ ಮತ್ತೆ ಮತ್ತೆ ದತ್ತಾಂಶ ಹಂಚಿಕೊಳ್ಳಬೇಕು. ಅತಿ ನಿಧಾನದ್ದು ಮುಗಿಸುವ ತನಕ ಉಳಿದವು ಕಾಯಬೇಕು. 1986ರಲ್ಲಿ ಬೆಂಗಳೂರಿನ ಎನ್‌ಎಎಲ್ ವೈಮಾನಿಕ ಪ್ರಯೋಗಾಲಯದಲ್ಲಿ ಆರಂಭವಾದ ಫ್ಲೋಸಾಲ್ವರ್ ಸಮಾಂತರ ಗಣಕಗಳ ಸರಣಿಗೆ ಮುಂದೆ ರೂಪಿಸಿದ ಫ್ಲೋಸ್ವಿಚ್, ಸಂದೇಶಗಳನ್ನು ಸಾಗಿಸುವುದರ ಜೊತೆಗೆ ದಾರಿಯಲ್ಲೇ ಸಂಸ್ಕರಿಸುತ್ತಿತ್ತು. ಎರಡೇ ನೋಡ್ ಅಳೆದು ತೃಪ್ತರಾಗುವವರಿಗೆ ಅಂಥ ಸ್ವಿಚ್ಚಿನ ಅಗತ್ಯವೇ ಕಾಣದು.

ಅಳೆದ ಎರಡು ನೋಡ್‌ಗಳು ಯಾವುವು ಎಂಬುದೂ ಮುಖ್ಯ. 2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ) ಬಂದ ಸಹಸ್ರಟಿ, ಕ್ರೇ ಎಕ್ಸ್‌ಸಿ40 ಯಂತ್ರ. ಅದರ ಏರೀಸ್ ಜಾಲ ಡ್ರಾಗನ್‌ಫ್ಲೈ ವಿನ್ಯಾಸದ್ದಾಗಿತ್ತು. ಆ ವಿನ್ಯಾಸದಲ್ಲಿ ಒಂದೇ ಗುಂಪಿನ ನೋಡ್‌ಗಳು ಹತ್ತಿರ, ಬೇರೆ ಗುಂಪಿನವು ದೂರ. ಇತರ ಬಳಕೆದಾರರ ಕೆಲಸವೂ ಅದೇ ಕೊಂಡಿಗಳನ್ನು ಬಳಸುತ್ತದೆ. ಹಾಗಾಗಿ ಎಲ್ಲ ನೋಡ್‌ಗಳ ಫಲಿತಾಂಶ ಒಟ್ಟುಗೂಡಿಸುವ ಆಲ್‌ರಿಡ್ಯೂಸ್, ಎಲ್ಲವೂ ಎಲ್ಲಕ್ಕೂ ಕಳಿಸುವ ಆಲ್‌ಟುಆಲ್ ಪರೀಕ್ಷೆಗಳನ್ನು ನೋಡ್ ಸಂಖ್ಯೆ ಏರಿಸುತ್ತಾ ಹಲವು ಸಲ ನಡೆಸಿ, ಸರಾಸರಿಯ ಜೊತೆಗೆ ಗರಿಷ್ಠ ಸಮಯವನ್ನೂ ವರದಿ ಮಾಡಬೇಕು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪರೀಕ್ಷಾಗುಚ್ಛದಲ್ಲಿ ಇವೆಲ್ಲ ಉಚಿತವಾಗಿಯೇ ಸಿಗುತ್ತವೆ, ಓಡಿಸದಿರಲು ನೆಪವಿಲ್ಲ.